ಚಂದವ್ವನ ಸಿಟ್ಟು

ಬಾಳ ಹಿಂದ, ಒಂದು ಊರಾಗ ಚಂದವ್ವ ಅಂತ ಒಬ್ಬಾಕಿ ಇದ್ಲಂತ. ಯಾವ ಕಾಲ ಅಂತ ಕೇಳಬ್ಯಾಡ್ರಿ, ನನಗ ಹೇಳಿದವರಿಗೂ ಗೊತ್ತಿರಲಿಲ್ಲ. ಹೊಳಿ ದಂಡಿ ಮ್ಯಾಲಿನ ನೇಕಾರರ ಊರು ಅದು. ಮನಿ ಮನಿಗೂ ನೆಲದಾಗ ಕುಣಿ ತೋಡಿ ಹೂಡಿದ ಕುಣಿಮಗ್ಗ. ಗಂಡಸರು ಕುಣಿಯೊಳಗ ಕಾಲು ಇಳಿಬಿಟ್ಟು ಸೀರಿ ನೇಯತಿದ್ರು, ಹೆಂಗಸರು ಬಾಜೂಕ ಕುಂತು ರಾಟಿ ತಿರುವಿ ನೂಲು ಸುತ್ತಿ ಕೊಡತಿದ್ರು. ಚಂದವ್ವನೂ ರಾಟಿಯಾಕಿನ. ಆದ್ರ ಆಕಿ ಹೆಸರು ಸುತ್ತ ಹಳ್ಳಿಗೆಲ್ಲ ಹಬ್ಬಿದ್ದು ರಾಟಿಯಿಂದಲ್ಲ, ಸಿಟ್ಟಿನಿಂದ.

ಈಗಿನವರು ಆಕಿನ್ನ ದೇವಿ ಮಾಡಿ ಕೂಡಿಸ್ಯಾರ. ಬೂದಿ ಕೊಟ್ಟು ಕಷ್ಟ ಕಳೀತಿದ್ಲು ಅಂತಾರ, ತಲಿ ಮುಟ್ಟಿದ್ರ ದುಃಖ ಇಳೀತಿತ್ತು ಅಂತಾರ. ಥೂ, ಸುಳ್ಳು ಬೊಗಳತಾರ. ಬೂದಿ ಬೇಕಂದ್ರ ನಿಮ್ಮ ಒಲಿಯಾಗ ಐತಲ್ಲ, ಬಳಕೋ ಹೋಗ್ರಿ ಅಂತ ಬಾಗಲದಾಗಿಂದನ ಹೊಳ್ಳಿ ಕಳಸತಿದ್ಲು ಆಕಿ.

ಅಯ್ಯೋ ಪಾಪ ಅನ್ನೂ ಮಾತು ಆಕಿ ಬಾಯಾಗ ಬಂದದ್ದು ಯಾರೂ ಕೇಳಿಲ್ಲಂತ. ಕಷ್ಟ ಹೇಳಿಕೊಳ್ಳಾಕ ಬಂದವರು ಅತ್ತಿ ಹಿಂಗಂದ್ಲು, ಸಾವಕಾರ ಹಂಗಂದ, ನನ್ನ ಹಣೇಬರಾನ ಸರಿ ಇಲ್ಲ ಅಂತ ಹೇಳ್ತಾನ ಇರತಿದ್ರು. ಅವರು ದಣಿಯೂ ಮಟ ರಾಟಿ ತಿರುವಿಕೋತ ಕುಂತಿರಾಕಿ. ಆಮ್ಯಾಲ ಕೇಳತಿದ್ಲು: ಇಷ್ಟೊತ್ತು ಮಂದಿ ಏನು ಮಾಡಿದ್ರು ಅಂತ ಹೇಳಿದಿ, ನಿನಗೇನು ಬರತೈತಿ, ನಾಳೆ ಎದ್ದು ನೀ ಏನು ಮಾಡ್ತಿ, ಅದನ್ನ ಹೇಳು. ನನ್ನಿಂದೇನು ಆಗತೈತಿ ಅಂದವರಿಗೆ ಬೈಗುಳದ ಮಳಿ. ಎದ್ದು ಹೋಗು, ಗೊತ್ತಾದ ಮ್ಯಾಲ ಬಾ ಅಂತಿದ್ಲು.

ಬಣ್ಣ ಹಾಕೂ ದುರಗಪ್ಪ ಅಂತ ಒಬ್ಬಾಂವ, ನೂಲಿನ ಬಣ್ಣ ಕೆಡಿಸಿ ಕೆಲಸ ಕಳಕೊಂಡು ಬಂದು ಅತ್ತನಂತ. ದಿನಾ ಬಂದ, ದಿನಾ ಬೈಸಿಕೊಂಡ. ಕಡೀಗೊಮ್ಮೆ, ನೀರು ಕಾಯೂದರಾಗನ ಅವಸರ ಮಾಡಿ ನೂಲು ಅದ್ದಿದೆ, ತಪ್ಪಿದ್ದು ಅಲ್ಲೇ ಅಂದ. ಮತ್ತ ನನ್ನ ಮುಂದ ಯಾಕ ಕುಂತಿ, ಯಜಮಾನಗ ಹೋಗಿ ಹೇಳು ಅಂದ್ಲು. ಹೋಗಿ ಹೇಳಿದ, ಮತ್ತ ಕೆಲಸಕ್ಕ ನಿಂತ. ಅಷ್ಟ. ಮಂತ್ರ ಇಲ್ಲ, ಮಾಟ ಇಲ್ಲ.

ಇಂಥಾ ಚಂದವ್ವನೂ ಒಮ್ಮೆ ಎಡವಿದ್ಲು. ಅದನ್ನ ಮಾತ್ರ ಯಾರೂ ಹೇಳೂದಿಲ್ಲ, ದೇವಿ ತಪ್ಪು ಮಾಡಬಾರದಲ್ಲ!

ಆ ಊರಾಗ ಒಂದು ಹಾಳ ಪದ್ಧತಿ ಇತ್ತು. ನೇಕಾರ ಸತ್ತನಂದ್ರ ಆತನ ಮಗ್ಗದ ಮ್ಯಾಲಿನ ಅರ್ಧ ನೇಯ್ದ ಸೀರಿ ಕೊಯ್ದು ಹೊರಗ ಒಗೀತಿದ್ರು, ಮಗ್ಗ ಅಣ್ಣತಮ್ಮರ ಪಾಲು. ಹೆಂಗಸಿನ ಕಾಲು ಕುಣಿಗಿಳಿದ್ರ ಮಗ್ಗ ಮುನೀತೈತಂತ. ಹೆಂಗಸು ಸುತ್ತಿದ ನೂಲು ನಡೀತೈತಿ, ಹೆಂಗಸಿನ ಕಾಲು ನಡಿಯೂದಿಲ್ಲ. ಯಾವ ಪುಣ್ಯಾತ್ಮ ಹೇಳಿದ್ದೋ, ಅವನ ಬಾಯಾಗ ಮಣ್ಣು ಬೀಳಲಿ.

ಬಾಳವ್ವ ಅನ್ನೂ ಹೆಣ್ಣುಮಗಳ ಗಂಡ ಜ್ವರ ಬಂದು ಸತ್ತ. ಮನಿಯಾಗ ಸಣ್ಣ ಮಕ್ಕಳು. ಗಂಡನ ಅಣ್ಣ ಮಲಕಾಜಪ್ಪ ದುಃಖದ ದಿನ ಮುಗಿಯೂದರೊಳಗ ಮಗ್ಗ ನನ್ನದು ಅಂದ. ಮಗ್ಗ ಹೋದ್ರ ಆಕಿ ಭಾವನ ಮನಿಯಾಗ ರಾಟಿ ತಿರುವಿ, ಹಾಕಿದ್ದು ತಿಂದು ಬಿದ್ದಿರಬೇಕು. ಬಾಳವ್ವ ಅಳಕೋತ ಚಂದವ್ವನ ಕಡಿಗೆ ಬಂದ್ಲು. ನಿನಗೇನು ಬರತೈತಿ ಅಂತ ಕೇಳಿದ್ರ, ಸೆರಗಿನ ಚಿತ್ತಾರ ಗಂಡ ಮರತಾಗೆಲ್ಲ ರಾಟಿ ಕಡಿಂದ ನಾನ ನೆಪ್ಪ ಮಾಡಿ ಕೊಡತಿದ್ದೆ ಅಂತ ಮೆತ್ತಗ ಹೇಳಿದ್ಲು.

ಅದನ್ನ ಕೇಳಿದ್ದ ತಡ, ಚಂದವ್ವನ ನೆತ್ತಿ ಕಾದು ಕೆಂಡ ಆತಂತ. ಚಿತ್ತಾರೆಲ್ಲ ಈಕಿ ತಲಿಯಾಗ ಐತಿ, ಮಗ್ಗ ಅವಗ ಬೇಕಂತ! ತನ್ನ ಪದ್ಧತಿ ಮರತು ತಾನ ಎದ್ದು, ಊರ ಹಿರ್ಯಾರು ಕೂಡೂ ಕಟ್ಟಿಗೆ ಹೋದ್ಲು. ಬಾಳವ್ವನ್ನ ಹಿಂದ ನಿಲ್ಲಿಸಿ, ಆಕಿ ಆಡಬೇಕಾದ್ದೆಲ್ಲ ತಾನ ಆಡಿದ್ಲು. ಒಬ್ಬೊಬ್ಬರ ಬಂಡವಾಳ ಬಿಚ್ಚಿ ಹೇಳಿದ್ಲು. ಹಿರ್ಯಾರು ಹೆದರಿ, ಮಗ್ಗ ಸದ್ಯಕ್ಕ ಬಾಳವ್ವನ ಮನ್ಯಾಗ ಇರಲಿ ಅಂದ್ರು.

ಆತಲ್ಲ, ಗೆದ್ದಂಗ ಆತಲ್ಲ? ಏನೂ ಆಗಲಿಲ್ಲ. ಬಾಳವ್ವ ಮಗ್ಗದ ಹತ್ರ ಸುಳೀಲಿಲ್ಲ. ಅರ್ಧ ಸೀರಿ ಧೂಳು ಹಿಡೀತು. ಭಾವ ಬೈದ್ರ ಚಂದವ್ವನ ಮನಿಗೆ ಓಡೂದು, ಓಣಿಯವರು ಅಂದ್ರ ಚಂದವ್ವನ ಮನಿಗೆ ಓಡೂದು. ಆಯಿ, ನೀವ ಬಂದು ಒಂದು ಮಾತು ಹೇಳ್ರಿ ಅನ್ನೂದು. ಇದನ್ನ ನೋಡಿ ಮಲಕಾಜಪ್ಪ, ಖಾಲಿ ನಿಂತ ಮಗ್ಗ ಮನಿಗೆ ದರಿದ್ರ, ಬರೂ ಅಮಾಸಿಗೆ ಬಂದು ಸೀರಿ ಕೊಯ್ದು ಮಗ್ಗ ಒಯ್ತೀನಿ ಅಂತ ಊರೆಲ್ಲ ಸಾರಿದ.

ಅಮಾಸಿ ದಿನ ಮುಂಜಾನೆ ಬಾಳವ್ವ ಓಡಿ ಬಂದ್ಲು. ಬರ್ರಿ ಆಯಿ, ಅವ ಬರಾಕತ್ಯಾನ ಅಂದ್ಲು. ಚಂದವ್ವ ಎದ್ಲು, ಹೊಸ್ತಿಲ ತನಕ ಬಂದ್ಲು, ಅಲ್ಲೇ ನಿಂತ್ಲಂತ. ಆಕಿಗೆ ಆಗ ಹೊಳೀತು. ಸಿಟ್ಟು ಬಂತು, ಆದ್ರ ಈ ಸಲ ತನ್ನ ಮ್ಯಾಲ. ಅವತ್ತು ಕಟ್ಟಿ ಮುಂದ ಈ ಹುಡುಗಿ ಬಾಯಿಗೆ ಕೈ ಇಟ್ಟಾಕಿ ತಾನ. ಮಲಕಾಜಪ್ಪ ಮಗ್ಗ ಕಸಗೊಳ್ಳಾಕ ಬಂದಿದ್ದ, ತಾನು ಬಾಯಿನ ಕಸಗೊಂಡಿದ್ಲು.

ನಾ ಬರೂದಿಲ್ಲ ಅಂದ್ಲು ಚಂದವ್ವ.

ಬಾಳವ್ವ ಕಾಲು ಹಿಡಿದ್ಲು, ಅತ್ಲು. ಚಂದವ್ವ ಜಗ್ಗಲಿಲ್ಲ. ಆಗ ಎಂದೂ ದನಿ ಎತ್ತದ ಬಾಳವ್ವ ಎದ್ದು ನಿಂತು ಬೈಯಾಕ ಸುರು ಮಾಡಿದ್ಲು. ನಡುನೀರಾಗ ಕೈ ಬಿಟ್ಟ ಹಾಳ ಮುದುಕಿ ಅಂದ್ಲು, ನಿನ್ನ ಎದಿಯಾಗ ಇರೂದು ಕಲ್ಲು ಅಂದ್ಲು. ಓಣಿ ಮಂದಿ ಬಾಗಲಕ್ಕ ಬಂದು ನಿಂತ್ರು. ಬಾಳವ್ವ ಉಸುರು ತಗೊಳ್ಳಾಕ ನಿಂತಾಗ ಚಂದವ್ವ ಒಂದ ಮಾತು ಕೇಳಿದ್ಲಂತ:

"ಬಾಳವ್ವ, ಈ ಬೈಗುಳ ನನಗ ಸೇರಬೇಕಾದ್ದೇನವ್ವ?"

ಬಾಳವ್ವ ಸೆರಗು ಬಿಗಿದು ಕಟ್ಟಿಕೊಂಡು ಮನಿಗೆ ಹೊಳ್ಳಿ ಹೋದ್ಲು.

ಮನ್ಯಾಗ ಮಲಕಾಜಪ್ಪ ಕುಡಗೋಲು ಹಿಡಕೊಂಡು ಮಗ್ಗದ ಮುಂದ ನಿಂತಿದ್ದ. ಬಾಳವ್ವ ಅವನ್ನ ದಾಟಿ ಹೋಗಿ, ಕುಣಿಯೊಳಗ ಕಾಲು ಇಳಿಬಿಟ್ಟು ಗಂಡನ ಜಾಗಾದಾಗ ಕುಂತ್ಲು. ಏ, ಮಗ್ಗ ಮುನೀತೈತಿ ಅಂತ ಅವ ಒದರಿದ.

"ಮುನೀಲಿ," ಅಂದ್ಲು ಬಾಳವ್ವ. "ಮುನಿದ್ರ ನನ್ನ ಮಗ್ಗ ನನ್ನ ಮ್ಯಾಲ ಮುನೀತೈತಿ. ನಡುವ ನೀ ಯಾರು? ಕೊಯ್ಯಾಂವ ಇದ್ರ ಮೊದಲು ನನ್ನ ಕೈ ಕೊಯ್ಯಿ."

ನೂಲು ತುಂಬಿದ ಲಾಳಿ ಎಳಿಗಳ ನಡುವ ಒಗೆದ್ಲು. ಮೊದಲ ಸಲ ನೂಲು ಹರೀತು. ಗಂಟು ಹಾಕಿ ಮತ್ತ ಒಗೆದ್ಲು. ಬಾಗಲದಾಗ ಊರ ನೆರೆದಿತ್ತು. ಮಂದಿ ಎದುರಿಗೆ ಹೆಂಗಸಿನ ಕೈ ಕೊಯ್ಯೂ ಧೈರ್ಯ ಮಲಕಾಜಪ್ಪಗೆಲ್ಲಿಂದ ಬರಬೇಕು? ಕುಡಗೋಲು ಬಗಲಾಗ ಇರುಕಿಕೊಂಡು ಹೋದ.

ಅವತ್ತು ಸೀರಿ ಬಂಗಾರದಂಗ ಹೊಳೀತು ಅಂತಾರ. ಸುಳ್ಳು. ಗಂಡನ ನೇಯ್ಗಿ ಬಿಗಿ ಇತ್ತು, ಈಕಿದು ಸಡ್ಲ, ಅಂಚು ಡೊಂಕ. ಚಂದವ್ವ ಬಾಗಲ ಹಿಂದ ನಿಂತು ಶಕ್ತಿ ಕೊಟ್ಲು ಅಂತಾರ. ಅದೂ ಸುಳ್ಳು. ಚಂದವ್ವ ತನ್ನ ಮನ್ಯಾಗ ರಾಟಿ ಮುಂದ ಕುಂತಿದ್ಲು, ಹೋಗಿ ಬಿಡಬೇಕು ಅನ್ನೂ ಕಾಲನ್ನ ಕೈಲೆ ಒತ್ತಿ ಹಿಡಕೊಂಡು.

ಆಕಿ ಸತ್ತ ಮ್ಯಾಲ ಗುಡಿ ಕಟ್ಟಿದ್ರು. ತಾಯಿ ನೀನ ನೋಡಿಕೋ ಅಂತ ಕಾಯಿ ಒಡದು ಮನಿಗೆ ಹೋಗಿ ಮಕ್ಕೋತಾರ, ಮೈಗಳ್ಳರು. ಆಕಿ ಇದ್ದಿದ್ರ ಆ ಕಾಯಿ ಚಿಪ್ಪಲೇನ ಹೊಡೀತಿದ್ಲು.

ಆದ್ರ ನೇಕಾರರ ಓಣಿಯಾಗ ಇವತ್ತಿಗೂ ಒಂದು ನಡೀತೈತಿ. ನೇಕಾರ ಸತ್ರ ಮಗ್ಗದ ಮ್ಯಾಲಿನ ಸೀರಿ ಕೊಯ್ಯೂದಿಲ್ಲ, ಹೆಂಡತಿ ಕುಣಿಗಿಳಿದು ಮುಗಸತಾಳ. ಅರ್ಧ ಬಿಗಿ, ಅರ್ಧ ಸಡ್ಲ ಇರೂ ಆ ಸೀರಿ ಮಾರೂದಿಲ್ಲ. ಅದನ್ನ ಉಟಗೊಂಡು ಆಕಿ ಹಿರ್ಯಾರ ಕಟ್ಟಿಗೆ ಬಂದು ತನ್ನ ಪಾಲು ಕೇಳತಾಳ. ಕೇಳೂ ಮುಂದ ತಡವರಿಸತಾಳ, ಒಮ್ಮೊಮ್ಮೆ ಬಾಳ ಹೊತ್ತು ಮಾತ ಬರೂದಿಲ್ಲ. ಯಾರಾದ್ರೂ ಕನಿಕರ ಪಟ್ಟು, ಪಾಪ, ಆಕಿ ಪರವಾಗಿ ನಾ ಹೇಳ್ತೀನಿ ಅಂತ ಎದ್ರೋ, ಓಣಿ ಮುದುಕ್ಯಾರೆಲ್ಲ ಕೂಡಿ ಅವನ ಅಂಗಿ ಹಿಡದು ಕೆಳಗ ಕೂಡಸತಾರ.

"ಕುಂಡ್ರೋ," ಅಂತಾರ, "ಆಕಿಗೆ ಬಾಯಿ ಐತಿ."