ಬೀಗರ ಮೆತ್ತೆಯ ಸವಾರಿ

ಸಾಹುಕಾರ ಮರಿರುದ್ರಯ್ಯನವರ ಆಳು ದೂರದೂರಿಗೆಲ್ಲ ಸೈಕಲ್ ತುಳಿಯುತ್ತಿದ್ದ. ಸೀಟು ಕಲ್ಲಿನಂತಿತ್ತು. ಒಂದು ಮೆತ್ತೆ ಕೇಳಿದ.

"ಮೆತ್ತೆ ನಿನಗ್ಯಾಕೋ? ತಗೋ, ಈ ಹೊಸ ಮೆತ್ತೆ ಬೀಗರಿಗೆ ಹೊಲಿಸಿದ್ದು, ಕೊಟ್ಟು ಬಾ. ಕ್ಯಾರಿಯರಿಗೆ ಕಟ್ಟಬೇಡ, ಹಗ್ಗದ ಗುರುತಾಗುತ್ತೆ. ಹ್ಯಾಂಡಲಿಗೆ ನೇತುಹಾಕಬೇಡ. ತಲೆ ಮೇಲೆ ಇಡಲೇಬೇಡ, ಎಣ್ಣೆ ಹತ್ತುತ್ತೆ."

"ಆಗಲಿ ಬುದ್ಧಿ."

ಮರುದಿನ ಆಳು ಕುಂಟುತ್ತಾ ಬಂದ.

"ಯಾಕೋ ಕುಂಟುತ್ತೀ?"

"ಹೋಗುವಾಗ ಸುಖವಾಗಿತ್ತು ಬುದ್ಧಿ. ಬರುವಾಗ ಮೆತ್ತೆ ಇರಲಿಲ್ಲ."

ಸಾಹುಕಾರರ ಮೀಸೆ ಅದುರಿತು. "ಅದರ ಮೇಲೆ ಕೂತೆಯಾ?"

"ತಾವು ಬೇಡ ಅಂದ ಕಡೆ ಇಡಲಿಲ್ಲ. ಉಳಿದದ್ದು ಸೀಟೊಂದೇ. ಒಗೆದ ಟವೆಲು ಹಾಸಿಯೇ ಕೂತೆ. ಹೊಸ ಮೆತ್ತೆ ಇಷ್ಟು ಹದವಾಗಿರೋದು ಕಂಡೇ ಇಲ್ಲ, ಇನ್ನೊಂದು ಕಳಿಸಿ ಅಂದ್ರು ಬೀಗರು."

ಬೀಗರು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಸಾಹುಕಾರರು ಒಳಗಿನಿಂದ ಎರಡು ಮೆತ್ತೆ ತಂದರು. "ಇದು ನಿನ್ನ ಸೀಟಿಗೆ. ಅವರದರ ಮೇಲೆ ಕೂರಬೇಡ."

ಆಳು ತನ್ನದನ್ನು ಸೀಟಿಗೆ ಕಟ್ಟಿಕೊಂಡು ಕೇಳಿದ, "ಹಂಗಾದ್ರೆ ಬೀಗರದ್ದು ಹದ ಆಗೋದು ಹೆಂಗೆ ಬುದ್ಧಿ?"