ಜಾಲತಾಣಕ್ಕೆ ಹೊಸ ರೂಪ ಕೊಟ್ಟ ಸೂರಪ್ಪ

"ಕೇಳಿರಯ್ಯಾ, ಹೇಮಗಂಗೆಯ ಎರಡೂ ದಡದ ಜನರೇ! ನಮ್ಮ ರಾಜ್ಯದ ಜಾಲತಾಣ ಹಳತಾಗಿದೆ. ಅಕ್ಷರ ಸರಿಯಾಗಿ ಕಾಣದು, ಮೊಬೈಲಿನಲ್ಲಿ ಪುಟ ಪೂರ್ತಿ ತೆರೆಯದು. ಅದಕ್ಕೆ ಹೊಸ ವಿನ್ಯಾಸ ತೊಡಿಸಬಲ್ಲವರು ಅರಮನೆಗೆ ಬರಲಿ. ರಾಜಕುಮಾರಿ ಕುಮುದಿನಿದೇವಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಜಾಲತಾಣದ ಅಧಿಕಾರ, ಜೊತೆಗೆ ಒಂದು ಊರಿನ ಉಂಬಳಿ. ಒಂದು ತಪ್ಪಿದರೂ ತಲೆದಂಡ!"

ಮಲ್ಲರಸ ರಾಜನ ಡಂಗುರದವನು ಹೀಗೆ ಸಾರುತ್ತ ಹೋದಾಗ ತಲೆದಂಡವೇಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವ ಹೊತ್ತನ್ನು ಆ ರಾಜ್ಯದ ಜನ ಜಾಲತಾಣ ನೋಡಿಯೇ ತಿಳಿಯುತ್ತಿದ್ದರು. ಹಿಂದಿನ ವರ್ಷ ಒಬ್ಬ ಅಧಿಕಾರಿ ಅವಸರದಲ್ಲಿ ಹೊಸ ವಿನ್ಯಾಸ ಹಾಕಿದ. ತಾಣವೇನೋ ಥಳಥಳ ಹೊಳೆಯಿತು, ಆದರೆ ನೀರು ಬಿಡುವ ಸೂಚನೆ ಮಾಯವಾಗಿತ್ತು. ಆ ದಿನ ಹೊಳೆ ದಾಟುತ್ತಿದ್ದ ಏಳು ಮಂದಿ ಕೊಚ್ಚಿಹೋದರು. ಅವರಲ್ಲಿ ಕುಮುದಿನಿಯನ್ನು ಎತ್ತಿ ಆಡಿಸಿ ಬೆಳೆಸಿದ ದಾದಿಯೂ ಇದ್ದಳು. ತಾಣವನ್ನು ಮತ್ತೆ ಹಳೆಯ ರೂಪಕ್ಕೆ ತರಲು ಹದಿನಾರು ದಿನ ಹಿಡಿಯಿತು. ರಾಜಕುಮಾರಿ ವರ್ಷವಿಡೀ ಕೂತು, ಎಲ್ಲೆಲ್ಲಿ ತಪ್ಪಾಯಿತೆಂದು ಒಂದೊಂದಾಗಿ ಕಲಿತಳು. ಕಲಿತದ್ದನ್ನೇ ಒಗಟಾಗಿ ಹೆಣೆದಳು.

ಮೊದಲು ಬಂದವನು ಮಂತ್ರಿಯ ಅಳಿಯ ವಜ್ರಬಾಹು.

"ಒಬ್ಬನಿದ್ದಾನೆ," ಎಂದಳು ಕುಮುದಿನಿ. "ವರ್ಷವಿಡೀ ಮಲಗಿರುತ್ತಾನೆ. ಅವನನ್ನು ಎಬ್ಬಿಸುವ ಗಳಿಗೆ ಬಾರದಿರಲಿ ಎಂದೇ ಎಲ್ಲರ ಹಾರೈಕೆ. ಆದರೂ ಅವನು ಮನೆಯಲ್ಲಿಲ್ಲದಿದ್ದರೆ ಯಜಮಾನ ಗೋಡೆಯ ಒಂದು ಮೊಳೆಯನ್ನೂ ಕೀಳಬಾರದು. ಯಾರವನು?"

"ಸೇನಾಪತಿ!" ಎಂದ ವಜ್ರಬಾಹು. ಭಟರು ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದವನು ಚಿತ್ರಸೇನ, ನಾಲ್ಕು ರಾಜ್ಯಗಳ ಜಾಲತಾಣಗಳನ್ನು ಸಿಂಗರಿಸಿ ಹೆಸರು ಮಾಡಿದವನು. "ಮಲಗಿರುವವನು ಇಡೀ ತಾಣದ ನಕಲು ಪ್ರತಿ, ತಾಣ ಕೆಟ್ಟರೆ ಇರಲೆಂದು ತೆಗೆದಿಟ್ಟದ್ದು," ಎಂದು ಥಟ್ಟನೆ ಹೇಳಿದ. ರಾಜಕುಮಾರಿ ಅರೆಮನಸ್ಸಿನಿಂದ ತಲೆದೂಗಿ ಎರಡನೆಯದನ್ನು ಕೇಳಿದಳು.

"ಒಂದು ಊರು. ಬೀದಿಯುಂಟು, ಬಾವಿಯುಂಟು, ಮನೆಮನೆಗೂ ಬಾಗಿಲುಂಟು, ವಾಸ ಮಾತ್ರ ಒಬ್ಬರೂ ಇಲ್ಲ. ಹತ್ತು ಸಲ ಕೆಡವಿದರೂ ಯಾರೂ ಅಳುವುದಿಲ್ಲ. ಅದನ್ನು ಕೆಡವಿದಷ್ಟೂ ನಮ್ಮೂರು ಉಳಿಯುತ್ತದೆ. ಯಾವ ಊರದು?"

ಚಿತ್ರಸೇನ ಮೀಸೆ ತೀಡಿ ನಕ್ಕ. "ವೈರಿಯ ಊರು ತಾನೇ?"

ಅವನೂ ಸೆರೆಮನೆ ಸೇರಿದ. ಇಬ್ಬರ ತಲೆದಂಡಕ್ಕೂ ದಿನ ನಿಗದಿಯಾಯಿತು. ಮತ್ತೆ ಯಾರೂ ಅರಮನೆಯ ಕಡೆ ಸುಳಿಯಲಿಲ್ಲ. ಮಳೆಗಾಲಕ್ಕೆ ಇಪ್ಪತ್ತೇ ದಿನ ಉಳಿದಿತ್ತು.

ಅರಮನೆಯ ಹಿಂಬದಿಯ ದೂರವಾಣಿ ಕೋಣೆಯಲ್ಲಿ ಸೂರಪ್ಪನೆಂಬ ತರುಣನಿದ್ದ. ಬುಟ್ಟಿ ಹೆಣೆಯುವವರ ಮನೆಯವನು. ತಾಣದಲ್ಲಿ ಬೇಕಾದ್ದು ಸಿಗದೆ ಕರೆ ಮಾಡುವವರಿಗೆ ಹುಡುಕಿ ಹೇಳುವುದು ಅವನ ಕೆಲಸ. ನಾಲ್ಕು ವರ್ಷದಿಂದ ಅದನ್ನೇ ಮಾಡಿ, ಯಾವ ಪುಟ ಎಲ್ಲಿದೆಯೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಅವನು ಬಂದು ಸಭೆಯ ನಡುವೆ ನಿಂತಾಗ ಆಸ್ಥಾನಿಕರು ನಕ್ಕರು.

"ಜೀವದ ಮೇಲೆ ಆಸೆಯಿಲ್ಲವೇನಯ್ಯಾ?" ಎಂದ ರಾಜ.

"ಇದೆ ಮಹಾಸ್ವಾಮಿ. ಆದರೆ ದಿನಕ್ಕೆ ನೂರು ಜನ ಅಕ್ಷರ ಕಾಣ್ತಿಲ್ಲ ಅಂತ ಕರೆ ಮಾಡ್ತಾರೆ. ಹೊಳೆ ತುಂಬಿದಾಗಲೂ ಹೀಗೇ ಇದ್ದರೆ ಗತಿಯೇನು?"

ಕುಮುದಿನಿ ಮೊದಲ ಒಗಟು ಕೇಳಿದಳು.

"ನಕಲು ಪ್ರತಿ, ತಾಯಿ. ಆದರೆ ಅದು ಮಲಗಿದೆಯೋ ಸತ್ತಿದೆಯೋ ನೋಡಬೇಕು. ಹೋದ ವರ್ಷವೂ ನಕಲಿತ್ತು. ತೆರೆಯಲು ಹೋದರೆ ಅರ್ಧವೇ ಬಂತು, ಅದಕ್ಕೇ ಹದಿನಾರು ದಿನವಾಯಿತು. ಕೆಲಸಕ್ಕೆ ಕೈಹಾಕುವ ಮೊದಲು ಅದನ್ನು ಒಮ್ಮೆ ಎಬ್ಬಿಸಿ, ಮಾತಾಡಿಸಿ, ಆಮೇಲೆ ಮಲಗಿಸಬೇಕು."

ನಗು ನಿಂತಿತು. ರಾಜಕುಮಾರಿ ನೆಟ್ಟಗೆ ಕೂತು ಎರಡನೆಯದನ್ನು ಕೇಳಿದಳು.

"ಅದು ಪರೀಕ್ಷೆಯ ತಾಣ. ನಮ್ಮದರ ಹಾಗೆಯೇ ಇನ್ನೊಂದನ್ನು ಕಟ್ಟಿ, ಜನರ ಕಣ್ಣಿಗೆ ಬೀಳದಂತೆ ಇಡಬೇಕು. ಹೊಸ ವಿನ್ಯಾಸವನ್ನು ಮೊದಲು ಅಲ್ಲಿ ಹಾಕಿ ನೋಡಬೇಕು. ಮುರಿಯುವುದೆಲ್ಲ ಅಲ್ಲೇ ಮುರಿಯಲಿ."

ಮೂರನೆಯದನ್ನು ಕೇಳುವಾಗ ಕುಮುದಿನಿಯ ದನಿ ತಗ್ಗಿತು. "ಒಬ್ಬ ಹಳೆಯ ಅಂಗಿ ಕಳಚಿ ಹೊಸದು ತೊಟ್ಟ. ಮೈ ಅದೇ, ಕೈಕಾಲು ಅವೇ. ಕಂಡವರೆಲ್ಲ ಹೊಗಳಿದರು. ಹೊಳೆದಂಡೆಗೆ ಬಂದಾಗ ಮಾತ್ರ ದಾರಿ ತಿಳಿಯದೆ ನಿಂತ. ಅವನ ದಾರಿ ಎಲ್ಲಿ ಹೋಯಿತು?"

ಸೂರಪ್ಪ ತಲೆ ತಗ್ಗಿಸಿದ. ಭಟರು ಒಂದು ಹೆಜ್ಜೆ ಮುಂದೆ ಬಂದರು. ಅವನ ಕಣ್ಣು ತುಂಬಿದ್ದು ಆಗ ಕಾಣಿಸಿತು.

"ಹಳೆಯ ಅಂಗಿಯ ಕಿಸೆಯಲ್ಲಿ ಉಳಿಯಿತು, ತಾಯಿ. ಬರಹ, ಚಿತ್ರ ಇವೆಲ್ಲ ತಾಣದ ಮೈ. ವಿನ್ಯಾಸ ಅಂಗಿಯಷ್ಟೇ, ಬದಲಿಸಿದರೆ ಮೈ ಸವೆಯುವುದಿಲ್ಲ. ಆದರೆ ಪುಟದ ತುದಿಯ ಪಟ್ಟಿ, ಅಂಚಿನ ಚಿಕ್ಕ ಚೌಕಗಳು, ಯಾರೋ ಎಂದೋ ಹೊಲಿದು ಸೇರಿಸಿದ ತುಣುಕುಗಳು ಇರುವುದು ಅಂಗಿಯ ಕಿಸೆಯಲ್ಲಿ. ನೀರಿನ ಸೂಚನೆಯೂ ಅಲ್ಲೇ ಇತ್ತು. ಕಳಚುವ ಮೊದಲು ಕಿಸೆ ತಡವಿ, ಇದ್ದುದನ್ನೆಲ್ಲ ಬರೆದಿಟ್ಟು, ಹೊಸ ಅಂಗಿಗೆ ಸೇರಿಸಬೇಕು. ಜನ ಕೊಚ್ಚಿಹೋದ ಆ ದಿನ ಒಬ್ಬರು ಅಜ್ಜಿ ಕರೆ ಮಾಡಿದ್ದರು. 'ಮಗಾ, ನೀರಿನ ಹೊತ್ತು ಕಾಣ್ತಿಲ್ಲ' ಅಂದರು. ನಾನು ಹುಡುಕುವಷ್ಟರಲ್ಲಿ ಕರೆ ಕಡಿದುಹೋಯಿತು."

ಕುಮುದಿನಿ ಪೀಠದಿಂದ ಎದ್ದು ನಿಂತಳು. ಅವಳು ಎದ್ದದ್ದು ಕಂಡು ಇಡೀ ಸಭೆ ಎದ್ದಿತು, ಕೊನೆಗೆ ರಾಜನೂ.

"ಉಂಬಳಿ ನಿನ್ನದು. ಬೇರೇನು ಬೇಕು, ಕೇಳು," ಎಂದ ಮಲ್ಲರಸ.

"ಆ ಇಬ್ಬರನ್ನು ಬಿಟ್ಟುಬಿಡಿ ಮಹಾಸ್ವಾಮಿ. ಚಿತ್ರಸೇನರ ಕೈಯಲ್ಲಿ ಒಳ್ಳೆಯ ಬಣ್ಣಗಾರಿಕೆಯಿದೆ, ನನಗೆ ಅದು ಬೇಕು. ವಜ್ರಬಾಹುಗಳು ಮನೆಗೆ ಹೋಗಲಿ."

ಹನ್ನೊಂದು ದಿನ ಸೂರಪ್ಪ ಮತ್ತು ಚಿತ್ರಸೇನ ಪರೀಕ್ಷೆಯ ತಾಣದಲ್ಲಿ ದುಡಿದರು. ನಾಲ್ಕು ಸಲ ಅದು ಕುಸಿಯಿತು, ಹೊರಗೆ ಯಾರಿಗೂ ತಿಳಿಯಲಿಲ್ಲ. ದೋಣಿಯವರ ಗೀರುಬಿದ್ದ ಮೊಬೈಲುಗಳನ್ನೇ ತರಿಸಿ ಪುಟಪುಟವನ್ನೂ ತೆರೆದು ನೋಡಿದರು. ಬದಲಿಸುವ ದಿನವನ್ನು ಮೊದಲೇ ಡಂಗುರ ಹೊಡೆಸಿ ತಿಳಿಸಿದರು. ಜನ ಕಡಿಮೆ ಬಳಸುವ ನಸುಕಿನ ಹೊತ್ತು ನೋಡಿ ಹೊಸ ರೂಪ ಏರಿಸಿದರು, ಹಳೆಯದನ್ನು ಕೈಗೆಟುಕುವಲ್ಲೇ ಇಟ್ಟುಕೊಂಡರು.

ಆ ಬೆಳಿಗ್ಗೆ ಕುಮುದಿನಿ ಸಾದಾ ಸೀರೆಯುಟ್ಟು ಹೊಳೆ ದಾಟುವ ಕಡವಿಗೆ ಹೋದಳು. ದೋಣಿ ನಡೆಸುವ ಸೋಮಕ್ಕ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಓದಿದಳು.

"ಅಕ್ಷರ ದೊಡ್ಡದಾಗಿದೆ ಕಣವ್ವಾ, ಕನ್ನಡಕವೇ ಬೇಡ. ಹತ್ತೂವರೆಗೆ ನೀರು ಬಿಡ್ತಾರಂತೆ. ಈಗ ದಾಟೋದು ಬೇಡ, ಕೂತ್ಕೊ."

ರಾಜಕುಮಾರಿ ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತಳು. ಹತ್ತೂವರೆಗೆ ಹೊಳೆ ಭೋರ್ಗರೆಯುತ್ತ ಬಂತು, ಖಾಲಿ ಕಡವನ್ನು ದಾಟಿ ಮುಂದೆ ಹೋಯಿತು.