ಉಪ್ಪುನೀರಿನ ಪರೀಕ್ಷೆ

ರಕ್ತದ ಸಕ್ಕರೆ ಅಳೆಯುವ ಸೆನ್ಸರ್ ಒಂದಕ್ಕಾಗಿ ವಿಜ್ಞಾನಿ ವಾರಿಜಾ ಒಂಬತ್ತು ವರ್ಷ ದುಡಿದಿದ್ದರು. ರಕ್ತಕ್ಕೆ ತಾಗಿ ಸಕ್ಕರೆಯನ್ನು ಗುರುತಿಸುವ ಎಲೆಕ್ಟ್ರೋಡನ್ನು ಆರಿಸುವುದೊಂದು ಬಾಕಿ ಇತ್ತು. ಮೇಜಿನ ಮೇಲೆ ಇಬ್ಬರು ಕಾದಿದ್ದರು: ಒಬ್ಬ ಚಿನ್ನ, ಒಬ್ಬ ಇಂಗಾಲ.

ವಾರಿಜಾ ಬಟ್ಟೆಯ ಮೇಲೆ ಬಿಳಿ ಪುಡಿ ಕಲಸಿ, ಉಜ್ಜಲು ಇಬ್ಬರನ್ನೂ ಕರೆದರು.

"ಉಜ್ಜುವುದೇನಿದ್ದರೂ ಈ ಇದ್ದಿಲಿನ ಮಗನನ್ನು, ಮೇಡಂ. ನಾನು ಹುಟ್ಟಿನಿಂದಲೇ ಹೊಳೆಯುವವನು" ಎಂದ ಚಿನ್ನ.

"ನಿನ್ನಿಷ್ಟ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ."

ಇಂಗಾಲ ಮುಖ ಕೆಳಗೆ ಮಾಡಿ ಇನ್ನೂರು ಸುತ್ತು ಉಜ್ಜಿಸಿಕೊಂಡ. ಆಮೇಲೆ ವಾರಿಜಾ ಸಕ್ಕರೆಯ ಸುಳಿವೂ ಇಲ್ಲದ ಬರೀ ಉಪ್ಪುನೀರಿನಲ್ಲಿ ಒಬ್ಬೊಬ್ಬರನ್ನೇ ಅದ್ದಿದರು. ಇಂಗಾಲನ ಸರದಿಯಲ್ಲಿ, ಸಕ್ಕರೆ ಇದ್ದರೆ ಮಾತ್ರ ಏಳಬೇಕಾದ ಕಂಪ್ಯೂಟರಿನ ಗೆರೆ ಸಮತಟ್ಟಾಗಿ ಓಡಿತು. ಚಿನ್ನನ ಸರದಿಯಲ್ಲಿ ಗುಡ್ಡದಂತೆ ಎದ್ದಿತು.

"ನೋಡಿದೆಯಾ ನನ್ನ ಗುಡ್ಡ? ನಿನಗೆ ಬಾಯೇ ಇಲ್ಲವಲ್ಲೋ!" ಎಂದು ಚಿನ್ನ ನಕ್ಕ.

"ಆ ನೀರಿನಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ, ಅಣ್ಣ" ಎಂದ ಇಂಗಾಲ.

ವಾರಿಜಾ ಇಂಗಾಲನನ್ನೇ ಎತ್ತಿಕೊಂಡರು. "ಏನೂ ಇಲ್ಲದ ಕಡೆ ಇಷ್ಟು ಹೇಳುವವನನ್ನು ರೋಗಿಯ ರಕ್ತಕ್ಕೆ ಇಳಿಸಲಾರೆ, ಚಿನ್ನ. ಅವರು ನಿನ್ನ ಮಾತು ನಂಬಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ."

ಚಿನ್ನನ ದನಿ ಇಳಿಯಿತು. "ಹಾಗಾದರೆ ನನ್ನನ್ನು ಎಸೆಯುತ್ತೀರಾ?"

"ಎಸೆಯುವುದೇಕೆ? ಆ ಗುಡ್ಡ ಎದ್ದದ್ದು ನಿನ್ನೆ ನಿನ್ನನ್ನು ಅದ್ದಿದ್ದ ದ್ರಾವಣದ ಕೊಳೆಯಿಂದ. ಅದು ನಿನ್ನ ಮೇಲಿದೆ, ಒಳಗಿಲ್ಲ."

ಚಿನ್ನ ತಾನಾಗಿಯೇ ಬಟ್ಟೆಯ ಬಳಿಗೆ ಹೋಗಿ ಮುಖ ಕೆಳಗೆ ಮಾಡಿ ನಿಂತ.